ಅಜ್ಜಿ ಹೊದಿಸಿದ ಕಂಬಳಿ

ಒದ್ದೆ ಕಂಬಳಿಯ ನಾತ ಎಲ್ಲಾದರೂ ಮೂಗಿಗೆ ಬಡಿದರೆ, ಗಲಗಲಿಯ ನಮ್ಮ ಮನೆಯ ಒಂದು ಮಧ್ಯಾಹ್ನ ಈಗಲೂ ಕಣ್ಮುಂದೆ ಬರುತ್ತದೆ.

ಅಜ್ಜಿ ಕುರಿ ಕಾಯ್ದು ಅಪ್ಪನನ್ನು ಓದಿಸಿದವಳು. ನೌಕರಿ ಸಿಕ್ಕ ಮೇಲೆ ಅಪ್ಪ, ಕುರಿಯ ನಾತ ಹೊಡೆಯುತ್ತದೆಂದು ಅವಳ ಕಂಬಳಿಯನ್ನು ಮನೆಯೊಳಗೇ ಬಿಟ್ಟಿರಲಿಲ್ಲ. ಕೊರೊನಾ ಬಂದು ಅವನು ಹಾಸಿಗೆ ಹಿಡಿದಾಗ ಅಜ್ಜಿ ಅದನ್ನೇ ಒಳಗೆ ತಂದಳು. ದಿನವೂ ಹಬೆ ಕೊಡುವಾಗ ಅವನ ತಲೆಯ ಮೇಲೆ ಹೊದಿಸುತ್ತಿದ್ದಳು. ಹಬೆಗೆ ನೆಂದ ಉಣ್ಣೆ ಮನೆಯೆಲ್ಲ ನಾರುತ್ತಿತ್ತು. ನನಗೆ ಊಟವೇ ಸೇರುತ್ತಿರಲಿಲ್ಲ. ಕೊರೊನಾದಿಂದ ಯಾವ ವಾಸನೆಯೂ ತಿಳಿಯದಂತಾಗಿದ್ದ ಅಪ್ಪ ಮಾತ್ರ ಸುಮ್ಮನೆ ಕೂತಿರುತ್ತಿದ್ದ.

ಆ ಮಧ್ಯಾಹ್ನ ಅಪ್ಪ ಕಂಬಳಿ ಹೊದ್ದು ಹಬೆಗೆ ಕೂತಿದ್ದಾಗ ಅವ್ವ ರೇಗಿಬಿಟ್ಟಳು. "ಅತ್ತೀ, ಮನ್ಯಾಗ ಚಾದರ ಇಲ್ಲೇನ್ರಿ? ಈ ನಾತಕ್ಕ ನನ್ನ ತಲಿ ಒಡ್ಯಾಕತ್ತೈತಿ. ನಾ ಅವರಿಗೆ ಅಂಬಲಿ ಕಾಸ್ಲೋ, ನಿಮ್ಮ ಕಂಬಳಿ ಒಣಗಸ್ಲೋ?"

"ಅವಂಗೂ ನಾತ ಬಡೀಲಿ, ಆಮ್ಯಾಲ ಚಾದರ ಕೊಡು," ಅಂದಳು ಅಜ್ಜಿ.

ಅವ್ವ ಗೊಣಗುತ್ತ ಅಡುಗೆಮನೆಗೆ ಹೊರಟಿದ್ದಳು. ಕಂಬಳಿಯೊಳಗಿಂದ ಅಪ್ಪ ಚೀರಿದ: "ಯವ್ವಾ, ತಗೀ ಇದನ್ನ! ಟಗರಿನ ನಾತ ಹೊಡ್ಯಾಕತ್ತೈತಿ!"

ಅಜ್ಜಿಯ ಕೈ ಕಂಬಳಿಯತ್ತ ಹೋಯಿತು. ಅವ್ವ ಓಡಿಬಂದು ಅದರ ಅಂಚನ್ನು ಬಿಗಿಯಾಗಿ ಹಿಡಿದಳು.

"ಇನ್ನೊಮ್ಮಿ ಅನ್ರಿ," ಅಂದಳು, "ಏನ್ ನಾತ ಹೊಡ್ಯಾಕತ್ತೈತಿ?"