ಮಗ್ಗದ ಗೇಣು ನೂಲು

ಊರಿನ ಇತಿಹಾಸ ತೋರಿಸಲೆಂದು ಶಾಲೆಯ ಅಕ್ಕೋರು ಮಕ್ಕಳನ್ನು ನೇಕಾರ ತೋಟಪ್ಪನ ಮನೆಗೆ ಕರೆತಂದಿದ್ದರು. ಅವನೇಕೋ ಮಾತಿಗೇ ಸಿಗಲಿಲ್ಲ. ಅಕ್ಕೋರೇ ಮಗ್ಗದಲ್ಲಿದ್ದ ಕೆಂಪು ನೂಲು ತೋರಿಸಿ ಹೇಳಿದರು:

"ಸೀರಿ ಇಳಿಸಿದ ಮ್ಯಾಲೂ ಮಗ್ಗದಾಗ ಗೇಣುದ್ದ ನೂಲು ಉಳಿಸಿರ್ತಾರ. ಹೊಸ ನೂಲನ್ನ ಅದಕ್ಕ ಜೋಡಿಸ್ತಾರ. ಈ ತೋಟಪ್ಪ ಕಾಕಾನ ಮುತ್ತಜ್ಜನ ಕಾಲದಿಂದ ಹಿಂಗ ನಡದೈತಿ."

"ಅದನ್ನೂ ಕತ್ತರಿಸಿದರ?" ಹುಡುಗಿಯೊಬ್ಬಳು ಕೇಳಿದಳು.

"ಬಿಡ್ತು ಅನ್ನು! ಮಗ್ಗಾನ ಬಿಡೋರು ಮಾಡೂ ಕೆಲಸ ಅದು."

ತೋಟಪ್ಪ ಗೋಡೆ ನೋಡುತ್ತಿದ್ದ.

ಹೊರಡುವಾಗ ಅಕ್ಕೋರು, "ಮುಂದಿನ ವರ್ಷಾನೂ ಬರ್ತೀವ್ರಿ, ಕಾಕಾ," ಎಂದರು.

"ತಡೀರಿ ಅಕ್ಕೋರ, ಮಕ್ಕಳನ್ನ ಬರಿಗೈಲೆ ಹೆಂಗ ಕಳಸ್ಲಿ?"

ಒಳಗೆ ಹೋಗಿ ಬಂದ ತೋಟಪ್ಪ ಎಲ್ಲರ ಕೈಗೂ ಒಂದಿಷ್ಟು ಕೆಂಪು ನೂಲು ಕೊಟ್ಟ. ಮಕ್ಕಳು ಕುಣಿದಾಡಿದರು. ಅಕ್ಕೋರು ತಮ್ಮ ಪಾಲಿನದನ್ನು ಬೆರಳಗಲಿಸಿ ಅಳೆದರು.

ಸರಿಯಾಗಿ ಒಂದು ಗೇಣಿತ್ತು.