ಹೊಟ್ಟೆ ತುಂಬಿಸಿಕೊಂಡು ಬಂದ ಪಾರಿವಾಳ

ಮರಿಯ ತೆರೆದ ಬಾಯಿಗೆ ತಾಯಿ ಪಾರಿವಾಳ ಕೊಕ್ಕು ಇಡುವಷ್ಟರಲ್ಲಿ ಮಡಿವಾಳೆಪ್ಪ ಅದನ್ನು ಗಬಕ್ಕನೆ ಹಿಡಿದ. ನಿನ್ನೆ ಬೆಳಗಾವಿಯಿಂದ ಪಂದ್ಯಕ್ಕೆ ಹಾರಿಸಿದ್ದ ಹಕ್ಕಿ, ದಾರಿ ತಪ್ಪಿ ಈಗ ಬಂದಿತ್ತು. ಅದರ ಕೊರಳ ಕೆಳಗಿನ ಚೀಲ ಕಾಳು ತುಂಬಿ ಉಬ್ಬಿತ್ತು.

"ನಿನ್ನಿಯಿಂದ ತಾಯಿ ಮಾರಿ ನೋಡಿಲ್ಲ ಮರಿಗೋಳು, ಉಣಸಲಿ ಬಿಡ್ರಿ," ಎಂದಳು ಹೆಂಡತಿ ರೇವವ್ವ. "ಶರ್ಯತ್ತು ಸೋತ ಸಿಟ್ಟು ಅದರ ಮ್ಯಾಲ ಯಾಕ?"

"ಮುಂಜಾನೆ ಹೊಲದಾಗ ಇಲಿಪಾಷಾಣ ಹಾಕೇನಿ. ಜ್ವಾಳದಾಗ ಕಲಸಿ."

ರೇವವ್ವ ಮರಿಗಳ ಗೂಡಿಗೆ ಕೈ ಅಡ್ಡ ಹಿಡಿದಳು. ಹಕ್ಕಿ ಮನೆಗೆ ಬರುವ ಮುನ್ನ ಆ ಹೊಲದಲ್ಲಿ ಇಳಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಅದರ ತಲೆ ಕೆಳಗೆ ಮಾಡಿ, ಚೀಲವನ್ನು ಹೆಬ್ಬೆರಳಿನಿಂದ ಕೊಕ್ಕಿನ ಕಡೆಗೆ ಒತ್ತಿದ. ಹೆಚ್ಚು ಒತ್ತಿದರೆ ಹಕ್ಕಿಯ ಉಸಿರು ಕಟ್ಟೀತು. ಒತ್ತದಿದ್ದರೆ ವಿಷಕ್ಕೆ ಅದೂ ಉಳಿಯುವುದಿಲ್ಲ, ಮರಿಗಳೂ ಉಳಿಯುವುದಿಲ್ಲ. ಅಂಗೈ ಮೇಲೆ ಒದ್ದೆ ಕಾಳೊಂದು ಬಿತ್ತು. ಅದು ಜೋಳವಲ್ಲ, ಭತ್ತ. ಅವನಿಗೆ ನಂಬಿಕೆ ಬರಲಿಲ್ಲ. ಮತ್ತೆ ಒತ್ತಿದ. ನಾಲ್ಕು ಬಿದ್ದವು, ನಾಲ್ಕೂ ಭತ್ತವೇ.

"ನಮ್ಮ ತಿರ್ಲಾಪುರದ ಎರಿ ಮಣ್ಣಿನ್ಯಾಗ ಭತ್ತ ಎಲ್ಲೈತ್ರಿ?" ಎಂದಳು ರೇವವ್ವ. "ಕಲಘಟಗಿ ಕಡೆ ಭತ್ತದ ಗದ್ದಿಗೆ ಹೋಗಿ ಉಂಡು ಬಂದಾಳ್ರಿ ಇಕಿ."

ಮಡಿವಾಳೆಪ್ಪ ಇನ್ನೊಂದು ಕಾಳು ತೆಗೆದು ನೋಡಿ, ಆಮೇಲೆ ಕೈ ಸಡಿಲಿಸಿದ.