ಗೆಜ್ಜೆ ಕಟ್ಟಿದ ಗೇಮು

ಇಪ್ಪತ್ತೈದು ವರ್ಷ ಹಳೆಯ ಶೂಟಿಂಗ್ ಗೇಮಿನಲ್ಲಿ ಹುಬ್ಬಳ್ಳಿಯ ಮಹಾಂತೇಶ ಮೂರನೆಯ ಸಲ ಸತ್ತ. ಗೋಡೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದರೂ ಸತ್ತ. ಕೊಂದವಳು ಮೈಸೂರಿನ ಸುಚೇತಾ. ಅವಳ ಮುಖವನ್ನು ಅವನು ಕಂಡಿರಲಿಲ್ಲ. ಹೆಡ್‌ಫೋನಿನಲ್ಲಿ ಕೇಳುವ ದನಿಯಷ್ಟೇ ಪರಿಚಯ.

"ಗ್ವಾಡಿ ಹಿಂದಿದ್ದೆ, ನಿಮಗ ಹೆಂಗ ಕಂಡೆನ್ರಿ? ಇದು ಮೋಸ!"

"ಮೋಸ ಅಲ್ಲ, ಮಾಡ್. ಗೇಮನ್ನ ಬಿಚ್ಚಿ ನನಗೆ ಬೇಕಾದ ಹಾಗೆ ತಿದ್ದಿಕೊಂಡಿದೀನಿ. ಮುಚ್ಚಿಟ್ಟಿಲ್ಲವಲ್ಲ."

"ಅದಕ್ಕ ಹೊಸಾ ಗೇಮ್ ಆಡೂಣು ಅಂದಿದ್ದೆ. ಅದರಾಗ ಯಾರೂ ಕೈ ಹಾಕಾಕ ಬರಂಗಿಲ್ಲ. ಒಂದೊಂದು ಹುಲ್ಲಿನ ಎಸಳೂ ಎದ್ದು ಕಾಣ್ತೈತಿ."

"ಹುಲ್ಲು ಕಟ್ಕೊಂಡು ನಾನೇನು ಮಾಡ್ಲಿ? ಬೀಗ ಹಾಕಿರೋ ಗೇಮು ನನಗೆ ಬೇಡ. ಇದು ಹಳೇದಾದ್ರೂ ಬಾಗಿಲು ತೆಗೆದಿದೆ."

"ಹಂಗಾದ್ರ ಆ ಮಾಡ್ ನನಗೂ ಕೊಡ್ರಿ. ಸಮಾ ಸಮಾ ಆಡೂಣು. ಆವಾಗ ಗೆದ್ದು ತೋರಸ್ರಿ!"

"ಕಳಿಸ್ದೆ, ಹಾಕ್ಕೊಳ್ಳಿ. ಆಮೇಲೆ ಅಳಬೇಡಿ."

ಅವನು ಹಾಕಿಕೊಂಡ. ಆಟ ಶುರುವಾದೊಡನೆ ಪರದೆ ಪೂರ್ತಿ ಕಪ್ಪಾಯಿತು. ಬಲಗಿವಿಯಲ್ಲಿ ಗೆಜ್ಜೆಯ ಸದ್ದು ಘಲ್ ಘಲ್ ಎನ್ನುತ್ತ ಹತ್ತಿರ ಬಂತು. ಅವನು ಕೇಬಲ್ ಅಲುಗಾಡಿಸಿದ, ಮಾನಿಟರಿನ ನೆತ್ತಿಗೆ ಎರಡು ತಟ್ಟಿದ. ಅಷ್ಟರಲ್ಲಿ ಢಂ ಎಂದಿತು. ನಾಲ್ಕನೆಯ ಸಲವೂ ಸತ್ತ.

"ಏನ್ರೀ ಇದು? ಏನೂ ಕಾಣವಲ್ದು!"

"ಇಬ್ಬರ ಕಾಲಿಗೂ ಗೆಜ್ಜೆ ಕಟ್ಟಿದೀನಿ, ಕೇಳಿಸ್ಕೊಂಡು ಆಡಿ. ನೀವು ಹೇಳಿದ ಹಾಗೆ ಈಗ ಸಮಾ ಸಮಾ. ನನಗೂ ಹುಟ್ಟಿದಾಗಿಂದ ಏನೂ ಕಾಣಲ್ಲ."